ಮೀಟರ್ 19.5 ತೋರಿಸಿತು, ಲ್ಯಾಪ್‌ಟಾಪ್ ಏಳಲಿಲ್ಲ: ಒಂದು ಹಳೇ ಯಂತ್ರದ ಪ್ರಕರಣ

ಅತ್ತೆಯ ಲ್ಯಾಪ್‌ಟಾಪ್‌ಗೆ ಹತ್ತು ವರ್ಷ ದಾಟಿದೆ. 15 ಇಂಚಿನ ಪರದೆ, ಕೆಳಗಡೆಯಿಂದ ಬಿಚ್ಚಿ ತೆಗೆಯಬಹುದಾದ ಬ್ಯಾಟರಿ, ಎಡಗಡೆ ದುಂಡನೆಯ ಚಾರ್ಜರ್ ತೂತು. ಅತ್ತೆ ಟೀಚರ್ ಆಗಿದ್ದವರು. ವರ್ಷಗಟ್ಟಲೆ ಹೇಳಿಕೊಟ್ಟ ಪಾಠಗಳ ಟಿಪ್ಪಣಿಗಳನ್ನೆಲ್ಲ ಅದರಲ್ಲೇ ಟೈಪ್ ಮಾಡಿ ಇಟ್ಟಿದ್ದಾರೆ. ಒಂದು ದಿನ ಫೋನ್ ಮಾಡಿದರು.

"ಏನೋ, ಇದು ಆನೇ ಆಗ್ತಿಲ್ಲ ಕಣೋ. ಒಬ್ಬರಿಗೆ ತೋರಿಸಿದೆ. ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ ಅಂದ್ರು. ನಾನು ಬರೆದಿಟ್ಟದ್ದೆಲ್ಲ ಹೋದಂಗೇನಾ?"

ಬೋರ್ಡ್ ಅಂದರೆ ಮದರ್‌ಬೋರ್ಡ್, ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆ. "ಆನ್ ಆಗ್ತಿಲ್ಲ" ಅನ್ನುವ ಮಾತಿಗೆ ಕಡಿಮೆ ಅಂದರೂ ನಾಲ್ಕು ಅರ್ಥ ಇದೆ. ಯಾವ ದೀಪವೂ ಹತ್ತದೆ ಇರಬಹುದು. ದೀಪ ಹತ್ತಿದ್ದರೂ ಬಟನ್‌ಗೆ ಜಗ್ಗದೆ ಇರಬಹುದು. ಫ್ಯಾನ್ ತಿರುಗುತ್ತಿದ್ದು ಪರದೆ ಮಾತ್ರ ಕಪ್ಪಗಿರಬಹುದು. ಕಂಪನಿಯ ಹೆಸರು ಮೂಡಿ, ವಿಂಡೋಸ್ ಬರದೆ ಅಲ್ಲೇ ನಿಂತಿರಬಹುದು. ನಾಲ್ಕಕ್ಕೂ ಹುಡುಕುವ ದಾರಿ ಬೇರೆ. ಹಾಗಾಗಿ ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಫೋನಿನಲ್ಲೇ ಕೇಳಿದೆ.

"ಅತ್ತೆ, ಚಾರ್ಜರ್ ಹಾಕಿ, ತೂತಿನ ಪಕ್ಕದ ದೀಪ ನೋಡಿ. ಹತ್ತಿದೆಯಾ?"

"ಹತ್ತಿದೆ."

"ಈಗ ಬಟನ್ ಒತ್ತಿ. ಹತ್ತಿರ ಕಿವಿ ಇಟ್ಟು ಕೇಳಿ. ಫ್ಯಾನ್ ಸದ್ದು ಬರ್ತಿದೆಯಾ? ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪ ಹತ್ತುತ್ತಾ?"

"ಏನೂ ಇಲ್ಲಪ್ಪ. ಹಾಂ, ಒತ್ತಿದಾಗ ಆ ದೀಪ ಒಂದ್ಸಲ ಹೋಗಿ ಬಂತು ನೋಡು."

ಈ ಕೊನೆಯ ಮಾತನ್ನು ಅವತ್ತೇ ಚೀಟಿಯಲ್ಲಿ ಬರೆದುಕೊಂಡೆ. ಅದರ ಅರ್ಥ ಹೊಳೆದದ್ದು ಎರಡು ದಿನ ಕಳೆದ ಮೇಲೆ.

ಮೊದಲು ಡಿಸ್ಕ್

ಅತ್ತೆಗೆ ಬೇಕಾಗಿದ್ದದ್ದು ಆ ಟಿಪ್ಪಣಿಗಳು. ಅದಕ್ಕೇ ರಿಪೇರಿಗೆ ಕೈ ಹಾಕುವ ಮೊದಲು ಡಿಸ್ಕ್ ತೆಗೆದೆ. ಆ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಇದು ಸುಲಭ. ಬ್ಯಾಟರಿ ತೆಗೆದು, ಹಿಂದಿನ ಸಣ್ಣ ಮುಚ್ಚಳದ ಸ್ಕ್ರೂ ಬಿಚ್ಚಿದರೆ 2.5 ಇಂಚಿನ ಸಾಟಾ ಡಿಸ್ಕ್ ಕೈಗೆ ಸಿಗುತ್ತದೆ. ಯುಎಸ್‌ಬಿ ಕೇಬಲ್ಲಿನಲ್ಲಿ ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿದೆ. ಫೋಲ್ಡರುಗಳೆಲ್ಲ ಒಂದೂ ಬಿಡದೆ ಕಾಣಿಸಿದವು. ಕಾಪಿ ಮಾಡಿಕೊಂಡು ಅತ್ತೆಗೆ ಫೋನ್ ಮಾಡಿದೆ. ಅವರು ನಿಟ್ಟುಸಿರು ಬಿಟ್ಟದ್ದು ನನಗೇ ಕೇಳಿಸಿತು.

ಲ್ಯಾಪ್‌ಟಾಪ್ ಸತ್ತರೆ ಒಳಗಿನ ಫೈಲೂ ಸತ್ತವು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಕರೆಂಟಿನ ದೋಷಕ್ಕೂ ಡಿಸ್ಕ್‌ನಲ್ಲಿರುವ ಬರಹಕ್ಕೂ ಹೆಚ್ಚಿನ ಸಲ ಸಂಬಂಧವೇ ಇರುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಡಿಸ್ಕ್‌ಗೆ ಬಿಟ್‌ಲಾಕರ್‌ನಂಥ ಬೀಗ ಹಾಕಿದ್ದರೆ 48 ಅಂಕಿಯ ರಿಕವರಿ ಕೀ ಇಲ್ಲದೆ ಇನ್ನೊಂದು ಯಂತ್ರದಲ್ಲಿ ಅದು ತೆರೆಯುವುದಿಲ್ಲ. ಅತ್ತೆಯ ಡಿಸ್ಕ್‌ಗೆ ಬೀಗ ಇರಲಿಲ್ಲ.

ನಾನು ಎಡವಿದ ಜಾಗ

ಯಂತ್ರ ಮೇಜಿನ ಮೇಲೆ ಬಂತು. ಚಾರ್ಜರ್, ಬ್ಯಾಟರಿ ಎರಡೂ ತೆಗೆದು ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿದೆ. ಚಾರ್ಜನ್ನು ಸ್ವಲ್ಪ ಹೊತ್ತು ಹಿಡಿದಿಡುವ ಕೆಪಾಸಿಟರ್ ಅನ್ನುವ ಬಿಡಿಭಾಗಗಳಲ್ಲಿ ಉಳಿದದ್ದು ಇದರಿಂದ ಖಾಲಿಯಾಗುತ್ತದೆ. ಬಟನ್, ದೀಪ, ಚಾರ್ಜಿಂಗ್ ನೋಡಿಕೊಳ್ಳುವ ಸಣ್ಣ ಚಿಪ್ ಗೊಂದಲದಲ್ಲಿ ಸಿಕ್ಕಿಕೊಂಡಿದ್ದರೆ ಹೊಸದಾಗಿ ಏಳುತ್ತದೆ. ಎಷ್ಟೋ "ಸತ್ತ" ಲ್ಯಾಪ್‌ಟಾಪ್‌ಗಳು ಇಷ್ಟಕ್ಕೇ ಎದ್ದಿವೆ. ಇದು ಏಳಲಿಲ್ಲ. ಬ್ಯಾಟರಿ ಇಲ್ಲದೆ ಬರೀ ಚಾರ್ಜರಿನಲ್ಲಿ ಒತ್ತಿದರೂ ಅದೇ ಆಟ. ದೀಪ ಹೋಗುತ್ತದೆ, ಬರುತ್ತದೆ.

ಆಮೇಲೆ ಚಾರ್ಜರ್ ನೋಡಿದೆ. ಮೈ ಮೇಲೆ 19.5 ವೋಲ್ಟ್, 3.34 ಆಂಪಿಯರ್ ಅಂತ ಬರೆದಿತ್ತು. ಗುಣಿಸಿದರೆ 65 ವ್ಯಾಟ್. ಇದರ ಪ್ಲಗ್ 7.4 ಮಿಲಿಮೀಟರ್ ದಪ್ಪದ್ದು, ನಡುವೆ ಸೂಜಿಯಂಥ ಪಿನ್ನು. ಈ ಪಿನ್ನು ಕರೆಂಟು ಹರಿಯುವ ದಾರಿ ಅಂತ ತಿಳಿದು ಅದಕ್ಕೇ ಮೀಟರ್ ಕಡ್ಡಿ ಇಟ್ಟು, ವೋಲ್ಟೇಜ್ ಬರ್ತಿಲ್ಲ ಅಂತ ಒಳ್ಳೇ ಚಾರ್ಜರನ್ನು ಎಸೆಯುವವರಿದ್ದಾರೆ. ಪ್ಲಸ್ ಇರುವುದು ಕೊಳವೆಯ ಒಳಗೋಡೆಯಲ್ಲಿ, ಮೈನಸ್ ಹೊರಗೋಡೆಯಲ್ಲಿ. ನಡುವಿನ ಪಿನ್ನು ಚಾರ್ಜರಿನ ಗುರುತು ಹೇಳುವುದಕ್ಕೆ ಮಾತ್ರ. ನಾನು ಎಷ್ಟು ವ್ಯಾಟಿನವನು, ನಿನ್ನ ಜೊತೆಯವನೇ ಹೌದಾ ಅನ್ನುವುದನ್ನು ಲ್ಯಾಪ್‌ಟಾಪ್‌ಗೆ ಅದು ತಿಳಿಸುತ್ತದೆ.

ಕಡ್ಡಿಗಳನ್ನು ಸರಿಯಾದ ಜಾಗದಲ್ಲಿಟ್ಟೆ. 19.5 ಬಂತು. ಅಲುಗಾಡದ, ಗಟ್ಟಿ ಅಂಕಿ. "ಅಡಾಪ್ಟರ್ ಸರಿ" ಅಂತ ಚೀಟಿಯಲ್ಲಿ ಬರೆದು ಕೆಳಗೆ ಗೆರೆ ಎಳೆದೆ.

ಆ ಗೆರೆ ತಪ್ಪು. ಎರಡು ದಿನ ಹೋದದ್ದು ಆ ಒಂದು ಗೆರೆಯಿಂದ.

ಬೋರ್ಡಿನ ಮೇಲೆ ಅನುಮಾನ

ಅಡಾಪ್ಟರ್ ಸರಿ ಅಂದ ಮೇಲೆ ಉಳಿಯುವುದು ಬೋರ್ಡೇ ಅಲ್ವಾ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ನಾನು ಬೋರ್ಡಿನ ಹಿಂದೆ ಬಿದ್ದೆ.

ಆದರೆ ಹಾಗೆ ಅನುಮಾನಪಡುವುದಕ್ಕೆ ಕಾರಣವೂ ಇತ್ತು. ಚಾರ್ಜರ್ ಸಿಕ್ಕಿಸಿದ ಕೂಡಲೇ ಬೋರ್ಡಿನ ಒಂದು ಸಣ್ಣ ಭಾಗ ಎಚ್ಚರವಾಗುತ್ತದೆ. 19 ವೋಲ್ಟಿನಿಂದ 5 ಮತ್ತು 3.3 ವೋಲ್ಟ್ ತಯಾರಾಗಿ, ಆ ಸಣ್ಣ ಚಿಪ್‌ಗೆ ಊಟ ಸಿಕ್ಕಿ, ಅದು ಬಟನ್ ಕಾಯುತ್ತಾ ಕೂತಿರುತ್ತದೆ. ನಾವು ಬಟನ್ ಒತ್ತಿದ ಮೇಲೆ ಒಂದರ ಹಿಂದೆ ಒಂದರಂತೆ ಉಳಿದ ವೋಲ್ಟೇಜುಗಳು ಏಳುತ್ತವೆ. ರ‍್ಯಾಮ್‌ದು, ಚಿಪ್‌ಸೆಟ್‌ದು, ಕೊನೆಗೆ ಪ್ರೊಸೆಸರ್‌ದು. ಇವುಗಳಲ್ಲಿ ಯಾವುದಾದರೂ ಒಂದು ಶಾರ್ಟ್ ಆಗಿದ್ದರೆ, ಅಂದರೆ ಕರೆಂಟು ಅಡ್ಡದಾರಿ ಹಿಡಿದು ನೇರ ಗ್ರೌಂಡ್‌ಗೆ (ಮೈನಸ್‌ಗೆ) ಹರಿಯುತ್ತಿದ್ದರೆ, ಒತ್ತಿದ ಕ್ಷಣಕ್ಕೆ ಎಲ್ಲವೂ ಕುಸಿದು ದೀಪ ಆರುತ್ತದೆ. ಅತ್ತೆಯ ಯಂತ್ರ ಮಾಡುತ್ತಿದ್ದದ್ದು ಥೇಟ್ ಅದನ್ನೇ.

ಅದಕ್ಕೇ ಒಂದೊಂದಾಗಿ ಕಳಚಿದೆ. ಎರಡು ರ‍್ಯಾಮ್ ಪಟ್ಟಿಗಳನ್ನು ತೆಗೆದು, ಒಂದೊಂದನ್ನೇ ಹಾಕಿ ನೋಡಿದೆ. ಡಿವಿಡಿ ಡ್ರೈವ್, ವೈಫೈ ಕಾರ್ಡ್ ತೆಗೆದೆ. ಗಡಿಯಾರದ ನಾಣ್ಯದಂಥ ಬ್ಯಾಟರಿ ತೆಗೆದೆ. ಪವರ್ ಬಟನ್‌ನಿಂದ ಬರುವ ಪಟ್ಟಿ ಕೇಬಲ್ಲು ಸಡಿಲವಾಗಿದೆಯಾ ಅಂತ ಬಿಚ್ಚಿ ಕೂರಿಸಿದೆ. ಯಾವುದರಿಂದಲೂ ಬದಲಾವಣೆ ಇಲ್ಲ.

ಚಾರ್ಜರ್, ಬ್ಯಾಟರಿ ಏನೂ ಇಲ್ಲದಾಗ 19 ವೋಲ್ಟ್ ಒಳಬರುವ ದಾರಿಗೂ ಗ್ರೌಂಡ್‌ಗೂ ನಡುವೆ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಇರುವ ತಡೆ, ಅಳೆದೆ. ಶಾರ್ಟ್ ಆಗಿದ್ದರೆ ಸೊನ್ನೆಯ ಹತ್ತಿರ ನಿಲ್ಲಬೇಕಿತ್ತು. ಇಲ್ಲಿ ಅಂಕಿ ಏರುತ್ತಾ ಏರುತ್ತಾ ಕಿಲೋ ಓಮ್‌ಗಳಿಗೆ ಹೋಯಿತು. ಅದು ಕೆಪಾಸಿಟರುಗಳು ತುಂಬುವ ರೀತಿ, ಆರೋಗ್ಯದ ಲಕ್ಷಣ. ಪ್ರೊಸೆಸರಿನ ಹತ್ತಿರದ ಸುರುಳಿಗಳ ಮೇಲೆ ಮಾತ್ರ ಕೆಲವೇ ಓಮ್ ಬಂತು. ಹೊಸದಾಗಿ ಕಲಿಯುವವರು ಇಲ್ಲಿ ಮೋಸ ಹೋಗುತ್ತಾರೆ. ಪ್ರೊಸೆಸರಿನ ದಾರಿ ಚೆನ್ನಾಗಿರುವಾಗಲೂ ಅಷ್ಟು ಕಡಿಮೆಯೇ ತೋರಿಸುತ್ತದೆ. ತಡೆ ಕಡಿಮೆ ಅಂತ ಮೀಟರ್ ಕುಯ್ಯ್ ಅಂದ ಮಾತ್ರಕ್ಕೆ ಅದನ್ನು ಶಾರ್ಟ್ ಅಂತ ತೀರ್ಮಾನಿಸಬಾರದು. "ಬೋರ್ಡ್ ಹೋಗಿದೆ" ಅಂತ ಅತ್ತೆಗೆ ಹೇಳಿದವರೂ ಇದನ್ನೇ ನೋಡಿರಬಹುದಾ ಅನ್ನುವ ಯೋಚನೆ ನನಗೆ ಬಂತು.

ಎರಡನೇ ದಿನ ಸಂಜೆ ಇನ್ನೊಂದು ಅಳತೆ ತೆಗೆದುಕೊಂಡೆ. ಈ ಮಾದರಿಯಲ್ಲಿ ಚಾರ್ಜರ್ ತೂತು ಬೋರ್ಡಿಗೆ ಬೆಸೆದಿಲ್ಲ. ಸಣ್ಣ ವೈರಿನ ಮೂಲಕ ಬಂದು ಕನೆಕ್ಟರಿನಲ್ಲಿ ಕೂರುತ್ತದೆ. ಆ ಕನೆಕ್ಟರಿನ ಬೆನ್ನಿಗೆ ಮೀಟರ್ ಕಡ್ಡಿಗಳನ್ನು ಜಾಗ್ರತೆಯಾಗಿ ಚುಚ್ಚಿ ನಿಲ್ಲಿಸಿದೆ. ಸುಮ್ನೆ ಇದ್ದಾಗ 19.3. ಕಣ್ಣನ್ನು ಅಂಕಿಯ ಮೇಲಿಟ್ಟು ಬಟನ್ ಒತ್ತಿದೆ. 19.3 ಇದ್ದದ್ದು 6ಕ್ಕೆ ಬಿತ್ತು, ಮತ್ತೆ ಮೇಲೆದ್ದಿತು. ಮೂರು ಸಲ ಒತ್ತಿದೆ. ಮೂರು ಸಲವೂ ಬಿತ್ತು. ಪ್ರತಿ ಸಲ ಬೇರೆ ಅಂಕಿ, ಯಾಕೆಂದರೆ ಸಾಧಾರಣ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಿಸುತ್ತದೆ. ನಿಜವಾದ ಕುಸಿತ ಇನ್ನೂ ಆಳ ಇದ್ದಿರಬೇಕು.

ದೀಪ ಹೋಗಿ ಬರುವುದು ಇದಕ್ಕೇ. ಆದರೆ ಕುಸಿತಕ್ಕೆ ಎರಡು ಕಾರಣ ಇರಬಹುದು. ಎಳೆಯುವವನು ಮಿತಿ ಮೀರಿ ಎಳೆಯುತ್ತಿರಬಹುದು, ಇಲ್ಲಾ ಕೊಡುವವನ ಕೈಯಲ್ಲಿ ಶಕ್ತಿ ಇಲ್ಲದಿರಬಹುದು. ಚೀಟಿಯಲ್ಲಿ "ಅಡಾಪ್ಟರ್ ಸರಿ" ಅಂತ ಬರೆದ ಸಾಲನ್ನು ಮತ್ತೆ ಓದಿದೆ. ನಾನು ಅಳೆದಾಗ ಅದರ ಮೇಲೆ ಯಾವ ಭಾರವೂ ಇರಲಿಲ್ಲ.

ಎರಡು ಬಲ್ಬು

ಅದೇ ಪ್ಲಗ್ಗಿನ ಇನ್ನೊಂದು ಒಳ್ಳೇ ಚಾರ್ಜರ್ ಕೈಯಲ್ಲಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ನನ್ನ ಹತ್ತಿರ ಇರಲಿಲ್ಲ. ಬೈಕು, ಕಾರುಗಳ ಇಂಡಿಕೇಟರಿಗೆ ಹಾಕುವ 12 ವೋಲ್ಟ್, 21 ವ್ಯಾಟಿನ ಬಲ್ಬುಗಳು ಎರಡು ಇದ್ದವು. ಒಂದರ ಬೆನ್ನಿಗೆ ಇನ್ನೊಂದನ್ನು ಸೀರೀಸಿನಲ್ಲಿ ಜೋಡಿಸಿದರೆ 19.5 ವೋಲ್ಟನ್ನು ಆರಾಮಾಗಿ ತಡೆಯುತ್ತವೆ, ಸುಮಾರು ಒಂದೂವರೆ ಆಂಪಿಯರ್ ಎಳೆಯುತ್ತವೆ. ಲ್ಯಾಪ್‌ಟಾಪ್ ಏಳುವಾಗ ಕೇಳುವ ಭಾರಕ್ಕೆ ಇದು ಹತ್ತಿರ.

ಕ್ಲಿಪ್ಪಿನ ವೈರುಗಳನ್ನು ಚಾರ್ಜರಿನ ಪ್ಲಗ್ಗಿಗೆ ಹಿಡಿಸಿದೆ. ಒಳಗೋಡೆಯ ಕ್ಲಿಪ್ಪು ಹೊರಗೋಡೆಗೆ ತಾಗದ ಹಾಗೆ ಟೇಪ್ ಸುತ್ತಿದೆ. ಸ್ವಿಚ್ ಹಾಕಿದೆ. ಎರಡು ಬಲ್ಬೂ ಹೊತ್ತಿಕೊಂಡವು, ಆದರೆ ಕೆಂಪಗೆ, ಮಂಕಾಗಿ. ಮೀಟರಿನಲ್ಲಿ 11 ವೋಲ್ಟ್. ಅದೂ ನಿಂತಲ್ಲಿ ನಿಲ್ಲದೆ 10, 12 ಅಂತ ಓಲಾಡುತ್ತಿತ್ತು.

ವೈರನ್ನು ಡಬ್ಬದ ಕಡೆಯಿಂದ ಪ್ಲಗ್ಗಿನ ಕಡೆಗೆ ಬೆರಳಲ್ಲಿ ಸವರುತ್ತಾ ಬಂದೆ. ಉದ್ದಕ್ಕೂ ತಣ್ಣಗಿತ್ತು. ಪ್ಲಗ್ಗಿಗೆ ಎರಡು ಬೆರಳು ದೂರದಲ್ಲಿ, ರಬ್ಬರ್ ಕತ್ತು ಮುಗಿಯುವ ಜಾಗದಲ್ಲಿ, ಬೆರಳು ತಟ್ಟನೆ ಹಿಂದೆ ಬಂತು. ಅಷ್ಟು ಬಿಸಿ. ಆ ಜಾಗವನ್ನು ಒಂಚೂರು ಬಾಗಿಸಿದೆ. ಬಲ್ಬುಗಳು ಫಳ್ ಅಂತ ಬೆಳ್ಳಗೆ ಉರಿದವು. ಮೀಟರ್ 19.2. ಬಿಟ್ಟೆ, ಮತ್ತೆ ಮಂಕು. ಬಾಗಿಸಿದೆ, ಬೆಳಕು. ತಕ್ಷಣ ಸ್ವಿಚ್ ಆಫ್ ಮಾಡಿದೆ. ಈ ಪರೀಕ್ಷೆಯನ್ನು ಕೆಲವು ಸೆಕೆಂಡಿಗಿಂತ ಜಾಸ್ತಿ ಮಾಡಬಾರದು.

ಲೆಕ್ಕ ಹಾಕಿ ನೋಡಿದರೆ ಎಲ್ಲವೂ ಕೂಡಿ ಬರುತ್ತದೆ. ಎಂಟೂವರೆ ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಅಷ್ಟು ವೋಲ್ಟಿಗೆ ಬಲ್ಬುಗಳು ಎಳೆಯುವುದು ಒಂದು ಆಂಪಿಯರಿಗಿಂತ ಸ್ವಲ್ಪ ಜಾಸ್ತಿ. ಅಂದರೆ ವೈರಿನ ಆ ಒಂದು ಜಾಗದಲ್ಲಿ ಏಳೆಂಟು ಓಮ್ ತಡೆ. ಅಲ್ಲಿ ಸುಮಾರು 9 ವ್ಯಾಟ್ ಬಿಸಿಯಾಗಿ ಹೋಗುತ್ತಿದೆ. 25 ವ್ಯಾಟಿನ ಸೋಲ್ಡರಿಂಗ್ ಐರನ್ನಿನ ಮೂರನೇ ಒಂದು ಪಾಲು, ಅಕ್ಕಿಕಾಳಿನಷ್ಟು ಜಾಗದಲ್ಲಿ.

ಮೀಟರ್ ಯಾಕೆ ಇದನ್ನು ಹೇಳಲಿಲ್ಲ? ಮೀಟರಿನ ಒಳಗಿನ ತಡೆ ಸಾಮಾನ್ಯವಾಗಿ 10 ಮೆಗಾ ಓಮ್. ಅದು ಚಾರ್ಜರಿನಿಂದ ಎಳೆಯುವುದು 2 ಮೈಕ್ರೋ ಆಂಪಿಯರ್ ಅಷ್ಟೇ. ಅಷ್ಟು ತೆಳು ಹರಿವಿಗೆ ಎಂಟು ಓಮ್ ಲೆಕ್ಕಕ್ಕೇ ಇಲ್ಲ, ಪೂರ್ತಿ 19.5 ದಾಟಿ ಬರುತ್ತದೆ. ಲ್ಯಾಪ್‌ಟಾಪ್ ಮಲಗಿರುವಾಗ ಎಳೆಯುವುದು ಕೆಲವೇ ಮಿಲಿ ಆಂಪಿಯರ್. ಆಗಲೂ ದೀಪ ಹತ್ತುತ್ತದೆ. ಬಟನ್ ಒತ್ತಿದಾಗ ಒಂದೂವರೆ, ಎರಡು ಆಂಪಿಯರ್ ಬೇಕು. ಆ ಭಾರಕ್ಕೆ ದಾರಿಯಲ್ಲೇ ಹೆಚ್ಚುಕಡಿಮೆ ಎಲ್ಲ ವೋಲ್ಟೂ ಖರ್ಚಾಗಿ, ಬೋರ್ಡ್ ಕಾವಲಿನ ಚಿಪ್ ಸಮೇತ ಕುಸಿಯುತ್ತದೆ. ಕುಸಿದ ಕೂಡಲೇ ಭಾರ ಇಳಿಯುತ್ತದೆ, ವೋಲ್ಟೇಜ್ ಮರಳುತ್ತದೆ, ದೀಪ ಮತ್ತೆ ಹತ್ತುತ್ತದೆ. ಅತ್ತೆ ಫೋನಿನಲ್ಲಿ ಹೇಳಿದ ಒಂದು ಮಾತಿನಲ್ಲಿ ಇದಿಷ್ಟೂ ಇತ್ತು.

ನಾನು ಕೇಳದೇ ಬಿಟ್ಟ ಪ್ರಶ್ನೆ

ಅವತ್ತು ರಾತ್ರಿ ಮತ್ತೆ ಫೋನ್ ಮಾಡಿ, ಈ ವಾರ ಬಿಟ್ಟು ಅದರ ಹಿಂದಿನ ಕಥೆ ಕೇಳಿದೆ. ಅತ್ತೆ ನೆನಪು ಮಾಡಿಕೊಂಡು ಹೇಳಿದರು. ಆರೇಳು ತಿಂಗಳ ಹಿಂದೆ, ಆನ್ ಮಾಡಿದಾಗಲೆಲ್ಲ ಚಾರ್ಜರ್ ಯಾವುದು ಅಂತ ಗುರುತು ಸಿಗುತ್ತಿಲ್ಲ ಅನ್ನುವಂಥ ಒಂದು ಇಂಗ್ಲಿಷ್ ಸಂದೇಶ ಬರುತ್ತಿತ್ತಂತೆ. ಏನೋ ಒಂದು ಒತ್ತಿ ಮುಂದೆ ಹೋಗುತ್ತಿದ್ದರಂತೆ. ಆಮೇಲೆ ಬ್ಯಾಟರಿ ಚಾರ್ಜ್ ಆಗುವುದು ನಿಂತಿತು. "ಹಳೇ ಬ್ಯಾಟರಿ, ಹೋಗಿರಬೇಕು ಅಂತ ಬಿಟ್ಟೆ ಕಣೋ." ಆಮೇಲಾಮೇಲೆ ಲ್ಯಾಪ್‌ಟಾಪ್ ಸ್ವಲ್ಪ ಅಲುಗಿದರೂ ಆಫ್ ಆಗುತ್ತಿತ್ತು. ಕೊನೆಗೆ ಏಳಲೇ ಇಲ್ಲ.

ಇದನ್ನು ಮೊದಲೇ ಕೇಳಿದ್ದರೆ ನಾನು ಬೋರ್ಡ್ ಬಿಚ್ಚುತ್ತಲೇ ಇರಲಿಲ್ಲ. ಆ ವೈರಿನೊಳಗೆ ಗುರುತು ಹೇಳುವ ಎಳೆ ಎಲ್ಲಕ್ಕಿಂತ ತೆಳು. ಬಾಗಿ ಬಾಗಿ ಮೊದಲು ತುಂಡಾದದ್ದು ಅದು. ಗುರುತು ಸಿಗದ ಚಾರ್ಜರಿನಿಂದ ಇಂಥ ಲ್ಯಾಪ್‌ಟಾಪ್‌ಗಳು ಕೆಲಸ ಮಾಡುತ್ತವೆ, ಆದರೆ ಬ್ಯಾಟರಿಗೆ ಚಾರ್ಜ್ ಹಾಕುವುದಿಲ್ಲ. ಹಾಗಾಗಿ ಬ್ಯಾಟರಿ ಬರಿದಾಯಿತು. ಬ್ಯಾಟರಿ ಇರುವ ತನಕ ವೈರು ಒಂದು ಕ್ಷಣ ಕೈ ಕೊಟ್ಟರೂ ಅದು ಆಸರೆ ಆಗುತ್ತಿತ್ತು. ಆಸರೆ ಹೋದ ಮೇಲೆ ದಪ್ಪ ಎಳೆಗಳೂ ಒಂದೊಂದಾಗಿ ಕಡಿದವು.

ಬ್ಯಾಟರಿ, ಅಲುಗಾಟ, ಬೋರ್ಡ್ ಅಂತ ಮೂರು ಬೇರೆ ಬೇರೆ ತೊಂದರೆಗಳ ಹಾಗೆ ಕಂಡದ್ದೆಲ್ಲ ಎರಡು ಬೆರಳಗಲದ ಒಂದೇ ಜಾಗದಿಂದ ಹುಟ್ಟಿದ್ದು.

ಹೊಸ ಚಾರ್ಜರ್ ಬಂದ ಮೇಲೆ

ಚಾರ್ಜರ್ ಕೊಳ್ಳುವಾಗ ವೋಲ್ಟ್ ಅದೇ ಇರಬೇಕು, ಪ್ಲಗ್ ಅದೇ ಇರಬೇಕು, ಪ್ಲಸ್ ಮೈನಸ್ ಅದೇ ಕಡೆ ಇರಬೇಕು. ಆಂಪಿಯರ್ ಮಾತ್ರ ಹಳೆಯದಕ್ಕಿಂತ ಜಾಸ್ತಿ ಇದ್ದರೂ ತೊಂದರೆ ಇಲ್ಲ, ಕಡಿಮೆ ಇರಬಾರದು. ಲ್ಯಾಪ್‌ಟಾಪ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಹಳೇ ಚಾರ್ಜರಿನ ತುದಿ ಕತ್ತರಿಸಿ ಹೊಸ ಪ್ಲಗ್ ಬೆಸೆಯುವುದೂ ಒಂದು ದಾರಿ, ಕೈ ಪಳಗಿದ್ದರೆ. ಡಬ್ಬವನ್ನು ಮಾತ್ರ ಒಡೆಯಬೇಡಿ. ಗೋಡೆಯಲ್ಲಿ 230 ವೋಲ್ಟ್ ಇದ್ದರೆ ಒಳಗಿನ ಕೆಪಾಸಿಟರಿನಲ್ಲಿ 300ಕ್ಕೂ ಜಾಸ್ತಿ ವೋಲ್ಟ್ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು.

ಹೊಸ ಚಾರ್ಜರ್ ಸಿಕ್ಕಿಸಿ ಬಟನ್ ಒತ್ತಿದೆ. ದೀಪ ಅಲುಗಲಿಲ್ಲ. ಫ್ಯಾನ್ ಒಂದು ಸಲ ಜೋರಾಗಿ ಊದಿ ಮೆಲ್ಲಗಾಯಿತು. ಪರದೆ ಬೆಳಗಿತು. ಗಡಿಯಾರ ತಪ್ಪಾಗಿದೆ ಅನ್ನುವ ಸಂದೇಶ ಬಂತು. ನಾನು ತೆಗೆದಿಟ್ಟಿದ್ದ ಸಿಆರ್2032 ಕೋಶವನ್ನು ಅಳೆದರೆ 3 ವೋಲ್ಟ್ ಇರಬೇಕಾದದ್ದು 2.2 ಇತ್ತು. ಹೊಸದು ಹಾಕಿ ತಾರೀಕು ಸರಿ ಮಾಡಿದೆ. ತಾರೀಕು ಹಿಂದೆ ಉಳಿದರೆ ವೆಬ್‌ಸೈಟುಗಳು ಸುರಕ್ಷಿತವಲ್ಲ ಅಂತ ಹೆದರಿಸುತ್ತವೆ, ಆಗ ಇನ್ನೊಂದು ಸುಳ್ಳು ರೋಗದ ಹಿಂದೆ ಓಡಬೇಕಾಗುತ್ತದೆ.

ದೊಡ್ಡ ಬ್ಯಾಟರಿ ಚಾರ್ಜ್ ತಗೊಳ್ಳಲಿಲ್ಲ. ತಿಂಗಳುಗಟ್ಟಲೆ ಬರಿದಾಗಿ ಬಿದ್ದಿದ್ದರೆ ಲಿಥಿಯಂ ಕೋಶಗಳು ಸುಮಾರು ಎರಡೂವರೆ ವೋಲ್ಟಿಗಿಂತ ಕೆಳಗೆ ಇಳಿದುಬಿಡುತ್ತವೆ, ರಕ್ಷಣೆಯ ಸರ್ಕ್ಯೂಟ್ ಬಾಗಿಲು ಹಾಕಿಕೊಳ್ಳುತ್ತದೆ. ಹೊರಗಿನಿಂದ ವೋಲ್ಟ್ ಕೊಟ್ಟು ಅದನ್ನು ಎಬ್ಬಿಸುವವರಿದ್ದಾರೆ. ನಾನು ಮಾಡುವುದಿಲ್ಲ, ಯಾರಿಗೂ ಮಾಡಿ ಅನ್ನುವುದೂ ಇಲ್ಲ. ಅಷ್ಟು ಬರಿದಾದ ಕೋಶದೊಳಗೆ ತಾಮ್ರ ಕರಗಿ, ಮತ್ತೆ ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆಗುವ ಅಪಾಯ ಇದೆ. ಬೆಂಕಿ ಹತ್ತುವುದು ಅಲ್ಲಿಂದಲೇ. ಅದನ್ನು ತೆಗೆದು ಬೇರೆ ಇಟ್ಟೆ. ಹೊಸ ಬ್ಯಾಟರಿ ಬರುವ ತನಕ ಬರೀ ಚಾರ್ಜರಿನಲ್ಲೇ ನಡೆಸಿ ಅಂತ ಅತ್ತೆಗೆ ಹೇಳಿದೆ.

ಹಳೇ ಚಾರ್ಜರಿನ ವೈರನ್ನು ಎಸೆಯುವ ಮೊದಲು, ಗೋಡೆಯಿಂದ ಕಿತ್ತು ಒಂದು ದಿನ ಬಿಟ್ಟು, ಆ ಬಿಸಿಯಾದ ಜಾಗವನ್ನು ಬ್ಲೇಡಿನಿಂದ ಸೀಳಿದೆ. ಹೊರಗಿನ ಕಪ್ಪು ಸಿಪ್ಪೆಗೆ ಒಂದು ಗೀರೂ ಇರಲಿಲ್ಲ. ಒಳಗೆ, ಜಡೆಯ ಹಾಗೆ ಹೆಣೆದ ತಾಮ್ರದ ಎಳೆಗಳು ಸುತ್ತಲೂ ಕಡಿದು, ತುದಿಗಳು ಕಪ್ಪಗಾಗಿದ್ದವು. ಕೆಲವು ಕಡೆ ಹಸಿರು ಹುಡಿ. ನಾಲ್ಕೈದು ಎಳೆ ಮಾತ್ರ ಒಂದಕ್ಕೊಂದು ಸುಮ್ನೆ ತಾಗಿಕೊಂಡಿದ್ದವು. ಗುರುತಿನ ತೆಳು ವೈರು ಪೂರ್ತಿ ತುಂಡಾಗಿತ್ತು. ಪ್ಲಾಸ್ಟಿಕ್ ಕಂದಾಗಿ, ಮುಟ್ಟಿದರೆ ಉದುರುವ ಹಾಗೆ ಗಟ್ಟಿಯಾಗಿತ್ತು.

ಅದನ್ನು ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಅವರ ಮೇಜು ಎಡಗಡೆ ಗೋಡೆಗೆ ತಾಗಿಕೊಂಡಿತ್ತು, ಚಾರ್ಜರ್ ತೂತೂ ಎಡಗಡೆ. ಇಷ್ಟು ವರ್ಷ ವೈರು ಗೋಡೆಗೆ ಒತ್ತಿ ಮಡಚಿಕೊಂಡೇ ಇತ್ತು. ಇಬ್ಬರೂ ಸೇರಿ ಮೇಜನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಎಳೆದೆವು. ಅತ್ತೆ ಕೂತು, ಅರ್ಧಕ್ಕೆ ನಿಂತಿದ್ದ ಪಾಠದ ಫೈಲನ್ನು ತೆರೆದರು.